ಮಡ್‌ಗಾರ್ಡ್ ಇಲ್ಲದ ಚೆಲುವು

ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಬೆಟ್ಟಸಾಲು ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಬತ್ತಿದ ಕೆರೆಗಳಿವೆ. ಮಳೆನೀರು ತೆಳುವಾಗಿ ಹರಡಿ ಆರಿದ ಮೇಲೆ ನೆಲ ಗಾರೆ ಬಳಿದ ಅಂಗಳದಂತೆ ಗಟ್ಟಿಯಾಗುತ್ತದೆ. 1920-30ರ ದಶಕಗಳಲ್ಲಿ ನಗರದ ಹುಡುಗರು ಹಳೆಯ ಫೋರ್ಡುಗಳನ್ನು ಓಡಿಸಿಕೊಂಡು ಅಲ್ಲಿಗೆ ಹೋಗಿ, ಎಷ್ಟು ವೇಗ ಹೊಮ್ಮುತ್ತದೋ ನೋಡೇಬಿಡೋಣ ಎಂದು ಪಂದ್ಯಕ್ಕಿಳಿಯುತ್ತಿದ್ದರು. ಮುಂದೆ ಹಾಟ್ ರಾಡ್ ಎಂದು ಹೆಸರಾದ ಕಾರು ಬೆಳೆದದ್ದು ಆ ಧೂಳಿನಲ್ಲಿ.

ಹುಡುಗರ ಕಣ್ಣು ಬಿದ್ದದ್ದು ರೋಡ್‌ಸ್ಟರ್ ಮೇಲೆ, ಅಂದರೆ ಇಬ್ಬರು ಕೂರುವ ತೆರೆದ ಕಾರಿನ ಮೇಲೆ. ಗಟ್ಟಿ ಸೂರಿಲ್ಲ, ಬಾಗಿಲಿಗೆ ಏರಿಸಿಳಿಸುವ ಗಾಜಿಲ್ಲ. ಹಗುರ, ಅದಕ್ಕಿಂತ ಮುಖ್ಯವಾಗಿ ಅಗ್ಗ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತ್ತು. ಗುಜರಿಯಲ್ಲಿ ಬಿಡಿಭಾಗಗಳಿಗೆ ಬರವೇ ಇರಲಿಲ್ಲ. ಹುಡುಗರದ್ದು ಬರೀ ಕಳೆಯುವ ಲೆಕ್ಕ. ಮಡ್‌ಗಾರ್ಡ್ ಬಿಚ್ಚಿದರು, ಬಂಪರ್ ಕಿತ್ತರು, ಗಾಳಿಗೆ ಅಡ್ಡ ನಿಲ್ಲುವ ಮುಂದಿನ ಗಾಜನ್ನು ಗಿಡ್ಡ ಮಾಡಿದರು ಇಲ್ಲವೇ ತೆಗೆದೇ ಹಾಕಿದರು. ಹಿಂದೆ ದೊಡ್ಡ ಟಯರು, ಮುಂದೆ ಚಿಕ್ಕದು. ಕಾರು ಹಾಯಲು ಬಂದ ಹೋರಿಯಂತೆ ಮೂತಿ ತಗ್ಗಿಸಿ ನಿಂತಿತು. ಅಂದದ ಯೋಚನೆ ಆಗ ಯಾರಿಗಿತ್ತು?

1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ವಿ-8 ಎಂಜಿನ್ ಕೊಟ್ಟಾಗ ಆಟವೇ ಬದಲಾಯಿತು. 221 ಘನ ಅಂಗುಲದ ಆ ಎಂಜಿನ್ನಿನ ಬಲ 65 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಕೈಚಳಕ ಇದ್ದವರಿಗೆ ಅದು ಕರೆಯುವ ಹಸು. ಗ್ಯಾರೇಜು ನಡೆಸುತ್ತಿದ್ದ ವಿಕ್ ಎಡಲ್‌ಬ್ರಾಕ್ ಎರಡು ಕಾರ್ಬ್ಯುರೇಟರ್ ಕೂರಿಸುವ ಮ್ಯಾನಿಫೋಲ್ಡ್ ರೂಪಿಸಿದ. ತನ್ನ 1932ರ ರೋಡ್‌ಸ್ಟರಿನಲ್ಲೇ ಅದನ್ನು ಪರೀಕ್ಷಿಸಿದ. 1941ರಲ್ಲಿ ಆ ಕಾರು ಗಂಟೆಗೆ 121 ಮೈಲಿ ಮುಟ್ಟಿತು. ಅಭಿಮಾನಿಗಳು 1932ರ ಮಾದರಿಗೆ ‘ಡ್ಯೂಸ್’, ಅಂದರೆ ಇಸ್ಪೀಟಿನ ಎರಡು, ಎಂದೇ ಹೆಸರಿಟ್ಟರು.

ಕ್ಲಬ್ಬುಗಳು ಒಟ್ಟುಗೂಡಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಅಷ್ಟರಲ್ಲಿ ಯುದ್ಧ ಬಂತು. ಹುಡುಗರು ಸೈನ್ಯಕ್ಕೆ ಹೋದರು, ಮ್ಯೂರಾಕ್ ಕೆರೆ ವಾಯುಪಡೆಯ ಪಾಲಾಯಿತು. 1947ರಲ್ಲಿ ಚಕ್ ಯೇಗರ್ ಶಬ್ದದ ವೇಗ ಮೀರಿ ವಿಮಾನ ಹಾರಿಸಿದ್ದು ಅದೇ ಕೆರೆಯ ನೆತ್ತಿಯ ಮೇಲೆ. ಯುದ್ಧದ ದಿನಗಳಲ್ಲಿ ಸಂಘದ ಸುದ್ದಿಪತ್ರಿಕೆಯನ್ನು ನಡೆಸಿ, ದೂರದ ಸೈನಿಕರಿಗೆ ಕಳಿಸುತ್ತಿದ್ದವಳು ವೀಡಾ ಆರ್ ಎಂಬಾಕೆ. ಸ್ವತಃ ಕೆರೆಯಂಗಳದಲ್ಲಿ ರೋಡ್‌ಸ್ಟರ್ ಓಡಿಸಿದವಳು. ಗಂಡಸರ ಹೆಸರುಗಳೇ ತುಂಬಿದ ಈ ಇತಿಹಾಸದಲ್ಲಿ ಆಕೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಯುದ್ಧ ಮುಗಿಸಿ ಬಂದವರ ಕೈಯಲ್ಲಿ ಯಂತ್ರವಿದ್ಯೆಯೂ ಇತ್ತು, ನಾಲ್ಕು ಕಾಸೂ ಇತ್ತು. ಬೀದಿಯಲ್ಲಿ ಭರ್ರೆಂದು ಹೋಗುವ ಈ ಕಾರುಗಳೆಂದರೆ ಪೊಲೀಸರಿಗೂ ಪತ್ರಿಕೆಗಳಿಗೂ ಕಣ್ಣುಕಿಸುರು. ಕೆಟ್ಟ ಹೆಸರು ತೊಳೆಯಲು 1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶನ ಏರ್ಪಟ್ಟಿತು. ಅಲ್ಲಿ ರಾಬರ್ಟ್ ಪೀಟರ್ಸನ್ ಎಂಬ ತರುಣ ‘ಹಾಟ್ ರಾಡ್’ ಮಾಸಪತ್ರಿಕೆಯ ಮೊದಲ ಸಂಚಿಕೆಯನ್ನು 25 ಸೆಂಟಿಗೆ ಮಾರಿದ.

ಓಡಿಸುವ ಕಾರು ನೋಡುವ ಕಾರೂ ಆದದ್ದು ಇಲ್ಲಿಂದಾಚೆಗೆ. 1950ರಲ್ಲಿ ಓಕ್ಲಂಡ್ ಪ್ರದರ್ಶನ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಪ್ರಶಸ್ತಿ ಶುರುಮಾಡಿತು. ಟ್ರೋಫಿಯೋ, ಆಳೆತ್ತರವನ್ನೂ ಮೀರಿದ್ದು. ಮೊದಲು ಗೆದ್ದದ್ದು ಬಿಲ್ ನೀಕ್ಯಾಂಪನ 1929ರ ಫೋರ್ಡ್. ಚೆಲುವಿನ ಗರ ಬಡಿದ ಮೇಲೆ ಕಾರು ಗ್ಯಾರೇಜಿನಲ್ಲಿ ಮುಸುಕು ಹೊದ್ದು ಕೂರಬೇಕಿತ್ತಲ್ಲ? ನೀಕ್ಯಾಂಪ ಹಾಗೆ ಮಾಡಲಿಲ್ಲ. ಎರಡು ವರ್ಷದ ಮೇಲೆ ಅದನ್ನು ಎಲ್ ಮಿರಾಜ್‌ಗೆ ಒಯ್ದು, ಗಂಟೆಗೆ 140 ಮೈಲಿ ದಾಟಿಸಿದ. ಹಾಟ್ ರಾಡ್ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಓಟ ಇನ್ನೊಂದಿಲ್ಲವೆನ್ನಬೇಕು.

ಎಲ್ಲರೂ ಅವನ ದಾರಿ ಹಿಡಿಯಲಿಲ್ಲ. ಕ್ರೋಮು ಹೆಚ್ಚಿತು, ಬಣ್ಣದ ಪದರಗಳು ಹೆಚ್ಚಿದವು, ಟ್ರೇಲರ್ ಮೇಲೆ ಬಂದು ಟ್ರೇಲರ್ ಮೇಲೇ ಮರಳುವ ಕಾರುಗಳು ಹುಟ್ಟಿಕೊಂಡವು. 1955ರಲ್ಲಿ ಷೆವರ್ಲೆಯ ಹೊಸ ವಿ-8 ಬಂದು ಫೋರ್ಡಿನ ಹಳೆಯ ಎಂಜಿನ್ನನ್ನು ಮೂಲೆಗೆ ತಳ್ಳಿತು. ಕೊನೆಗೆ ಅಸಲಿ ಬಾಡಿಗಳೇ ಅಪರೂಪವಾಗಿ, ಫೈಬರ್‌ಗ್ಲಾಸಿನಲ್ಲೂ ಉಕ್ಕಿನಲ್ಲೂ ಹೊಸದಾಗಿ ‘1932ರ ಫೋರ್ಡ್’ ತಯಾರಿಸುವ ಕಾರ್ಖಾನೆಗಳು ಎದ್ದವು. ಗುಜರಿಯ ಮಾಲು ಹೊಸ ಕಾರಿಗಿಂತ ದುಬಾರಿಯಾಯಿತು.

1997ರಲ್ಲಿ ಸಿರಿವಂತರ ಪುರಾತನ ಕಾರುಗಳ ಜಾತ್ರೆಯಾದ ಪೆಬಲ್ ಬೀಚ್ ಪ್ರದರ್ಶನವೂ ಹಾಟ್ ರಾಡ್‌ಗೆ ಬಾಗಿಲು ತೆರೆಯಿತು. ಆ ವಿಭಾಗದಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ ಕಟ್ಟಿದ 1932ರ ಕಪ್ಪು ರೋಡ್‌ಸ್ಟರ್. ಇತ್ತ ಎಲ್ ಮಿರಾಜ್‌ನಲ್ಲಿ ಅದೇ ಹಳೆಯ ಸಂಘ ಈಗಲೂ ಪಂದ್ಯ ನಡೆಸುತ್ತದೆ. ದಾಖಲೆ ಮುರಿದವರಿಗೆ ಹೆಸರು ಸಿಗುತ್ತದೆ, ಹಣದ ಬಹುಮಾನವಿಲ್ಲ.