ವಿಶ್ವಾಮಿತ್ರಿಯ ಹಳೆಯ ನೆರೆಹೊರೆ

ಗೆಳತಿಯರೇ, 2024ರ ಆಗಸ್ಟ್ ಕೊನೆಯಲ್ಲಿ ವಡೋದರಕ್ಕೆ ನೆರೆ ಬಂದಾಗ ಸೊಸೈಟಿಗಳ ಅಂಗಳಕ್ಕೆ ಮೊಸಳೆಗಳೂ ಬಂದವು. 27ರಿಂದ 29ರವರೆಗಿನ ಮೂರೇ ದಿನಗಳಲ್ಲಿ ಜನವಸತಿಯಿಂದ 24 ಮೊಸಳೆಗಳನ್ನು ಹಿಡಿದು ಸಾಗಿಸಿದರು. ಅಹಮದಾಬಾದ್, ಸೂರತ್‌ನಲ್ಲಿರುವ ನಮ್ಮವರೆಲ್ಲ ಕೇಳಿದ್ದು ಒಂದೇ: ಇವು ಊರೊಳಗೆ ಬಂದದ್ದು ಹೇಗೆ?

ನಿಜವೆಂದರೆ, ಅವು ಊರಲ್ಲೇ ಇದ್ದವು. ಪಾವಾಗಡದ ಬೆಟ್ಟದಿಂದ ಇಳಿಯುವ ವಿಶ್ವಾಮಿತ್ರಿ ನಗರದ ನಡುವೆಯೇ ಹರಿಯುತ್ತದೆ. ಸಯಾಜಿರಾವ್ ಗಾಯಕವಾಡರ ಕಾಲದ, 1879ರ ಕಮಾಟಿಬಾಗ್ ಇರುವುದೂ ಅದರ ದಡದಲ್ಲೇ. ಚರ್ಮಕ್ಕಾಗಿ ಬೇಟೆಯಾಡಿ ದೇಶದಲ್ಲಿ ಮೊಸಳೆಗಳು ಕಡಿಮೆಯಾದಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕ್ಕೆ ಆಸರೆಯಾಯಿತು. 2025ರ ಎಣಿಕೆಯಲ್ಲಿ ಇಲ್ಲಿ ಸಿಕ್ಕವು 442. ಇತ್ತ ನಗರ ಬೆಳೆದು, ಹೊಳೆಯ ತಗ್ಗುಗಳಲ್ಲಿ ಮನೆಗಳೆದ್ದವು. ಮಳೆ ಜೋರಾಗಿ ಆಜ್ವಾ ಸರೋವರ ತುಂಬಿ ಹರಿದರೆ, ಹೊಳೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ, ಜೊತೆಗೆ ಮೊಸಳೆಯೂ.

ಇಲ್ಲಿನ ಹೆಂಗಸರು ಪೂಜಿಸುವ ಖೋಡಿಯಾರ್ ಮಾತೆಯ ವಾಹನ ಮೊಸಳೆ. ನಮ್ಮ ಗಂಗಮ್ಮನದು ಮಕರ. ಭಕ್ತಿ ಇದ್ದರೂ ಎಚ್ಚರ ಬೇಕು. ದಡದಲ್ಲಿ ಮಕ್ಕಳನ್ನು ಆಡಲು ಬಿಡದಿರೋಣ, ಮೊಸಳೆ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸೋಣ. ಹೊಳೆಯ ಜಾಗ ಹೊಳೆಗಿರಲಿ ಎಂದು ಕೇಳುವ ದನಿಯಲ್ಲಿ ನಮ್ಮದೂ ಸೇರಲಿ.