ಗುರಿಹಲಗೆಯೂ ಬಿಸಿಲ್ಗುದುರೆಯೂ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಲಾರದಿಂದ ಮುಳಬಾಗಿಲಿಗೆ ಬೈಕಿನಲ್ಲಿ ಹೊರಟರೆ ಹೆದ್ದಾರಿಯ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಏನೂ ಇಲ್ಲ. ಕೆರೆಗಳೇ ಒಣಗುವ ಜಿಲ್ಲೆಯವರಾದ ನಮಗೆ ಈ ಬಿಸಿಲ್ಗುದುರೆ ಹೊಸದಲ್ಲ. ಆದರೆ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುವವರಿಗೆ ಅದು ಬರೀ ಭ್ರಮೆಯಲ್ಲ, ಓದಿಕೊಳ್ಳಬೇಕಾದ ಗುರುತು.

ನೆಲ ಕಾದಾಗ ಅದರ ಮೇಲಿನ ಗಾಳಿ ಕುದಿಯುವ ಎಸರಿನಂತೆ ಅಲುಗುತ್ತದೆ. ಮುನ್ನೂರು ಗಜ ದೂರದ ಹಲಗೆಯ ಕಪ್ಪು ಚುಕ್ಕೆ ಇದ್ದ ಜಾಗದಲ್ಲಿ ಇರುವುದಿಲ್ಲ, ತೇಲುತ್ತದೆ. ಆ ಅಲೆ ಎಡಕ್ಕೆ ಹರಿದರೆ ಗಾಳಿ ಎಡಕ್ಕೆ ಬೀಸುತ್ತಿದೆ ಎಂದರ್ಥ. ನೆಟ್ಟಗೆ ಮೇಲಕ್ಕೆ ಎದ್ದರೆ ಗಾಳಿ ನಿಂತಿದೆ. ಬಿಸಿಲಲ್ಲಿಟ್ಟ ತೋಟಾದೊಳಗಿನ ಮದ್ದು ಹೆಚ್ಚು ಒತ್ತಡದಲ್ಲಿ ಉರಿಯುವುದರಿಂದ ಗುಂಡು ವೇಗವಾಗಿ ಹೋಗಿ ಗುರಿಗಿಂತ ಮೇಲೆ ಬೀಳುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ತಡೆಯೂ ಕಡಿಮೆ. ಹತ್ತಾರು ಸುತ್ತು ಹಾರಿಸಿದ ಮೇಲೆ ನಳಿಗೆಯೇ ಕಾದು, ಅದರಿಂದ ಏಳುವ ಝಳ ಕಣ್ಣಿಗೂ ಗುರಿಗೂ ನಡುವೆ ಪರದೆ ಕಟ್ಟುತ್ತದೆ. ಅದಕ್ಕೇ ತಿಳಿದವರು ತೋಟಾಗಳನ್ನು ನೆರಳಲ್ಲಿಡುತ್ತಾರೆ, ಮುಂದಿನ ಗುರಿಮೊಳೆ ಹೊಳೆಯದಂತೆ ಅದಕ್ಕೆ ಮಸಿ ಹಿಡಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಈ ವಿದ್ಯೆ ಯಾರ ಕೈಗೆ ಸಿಕ್ಕಿತ್ತು ಎಂದು ಕೇಳಿದರೆ ಉತ್ತರ ಕೆಜಿಎಫ್‌ಗೆ ಕರೆದುಕೊಂಡು ಹೋಗುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗೆ ಕೈ ಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಅದೇ ಸುಮಾರಿಗೆ ಗಣಿಯ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ನೌಕರರನ್ನು ಸೇರಿಸಿ ಸ್ವಯಂಸೇವಕರ ರೈಫಲ್ ದಳವೊಂದು ಎದ್ದಿತು. 1920ರ ಆಕ್ಸಿಲಿಯರಿ ಫೋರ್ಸ್ ಕಾಯ್ದೆಯ ನಂತರ ಅದೇ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್. ನೆಲ ಮೈಸೂರು ಮಹಾರಾಜರದು, ದಳ ಬ್ರಿಟಿಷರದು. ವಾರದ ದಿನ ಗಣಿಯ ಲೆಕ್ಕ ಬರೆಯುವವನು, ಯಂತ್ರ ನೋಡಿಕೊಳ್ಳುವವನು ಸಮವಸ್ತ್ರ ಹಾಕಿ ಕವಾಯತಿಗೆ ನಿಲ್ಲುತ್ತಿದ್ದ. ಆಕ್ಸಿಲಿಯರಿ ಫೋರ್ಸ್‌ನವರು ವರ್ಷಕ್ಕೊಮ್ಮೆ ಗುರಿ ಪರೀಕ್ಷೆ ಮುಗಿಸಲೇಬೇಕಿತ್ತು. ಆ ಕಾಲದ ಪಡೆಗಳ ಕೈಯಲ್ಲಿದ್ದದ್ದು .303 ಲೀ-ಎನ್‌ಫೀಲ್ಡ್. ಅದರ ಮಾರ್ಕ್ 7 ಗುಂಡು ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 740 ಮೀಟರ್.

ಆ ಕಾಯ್ದೆಯಲ್ಲಿ ಭಾರತೀಯರಿಗೆ ಜಾಗವಿರಲಿಲ್ಲ. ಚಿತ್ತೂರು, ಉತ್ತರ ಆರ್ಕಾಟು ಕಡೆಯಿಂದ ಬಂದು ಗಣಿಗಿಳಿದ ಸಾವಿರಾರು ಕೂಲಿಗಳು ಈ ಗುಂಡಿನ ಸದ್ದು ಕೇಳಬಹುದಿತ್ತು, ರೈಫಲ್ ಮುಟ್ಟುವಂತಿರಲಿಲ್ಲ. ಬಿಸಿಲಿನ ಮಾತು ಬಂದಾಗ ಇದನ್ನೂ ನೆನೆಯಬೇಕು: ಮೇಲೆ ದೊರೆಗಳು ಟೋಪಿ ಹಾಕಿ ಬೆವರೊರೆಸಿಕೊಂಡದ್ದು ಹೆಚ್ಚೆಂದರೆ 38, 40 ಡಿಗ್ರಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು.

ದಳ ಯಾಕೆ ಬೇಕಿತ್ತು? ಕ್ರೀಡೆ, ಕ್ಲಬ್ಬು, ಕಪ್ಪುಗಳ ಮಾತು ಇದ್ದೇ ಇದೆ. ಆದರೆ ಹೊರಗಿನ ವೈರಿ ಕೋಲಾರಕ್ಕೆ ಬರುವ ಹಾಗಿರಲಿಲ್ಲ. ಇಂಥ ದಳಗಳ ಮೊದಲ ಕೆಲಸ ತಮ್ಮವರನ್ನೂ ತಮ್ಮ ಆಸ್ತಿಯನ್ನೂ ಕಾಯುವುದು. ಯಾರಿಂದ ಎಂಬುದು ಸುತ್ತ ನೋಡಿದರೆ ತಿಳಿಯುತ್ತದೆ. 1930ರಲ್ಲಿ ಬೆರಳಚ್ಚು ಕೊಡಲೊಲ್ಲದೆ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಹಲಗೆಗೆ ಹೊಡೆಯುವ ಅಭ್ಯಾಸವನ್ನು ಬರೀ ಆಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪೊಲೀಸರೂ ಹಲಗೆಯ ಮೇಲೇ ಕಲಿತವರು. 1938ರ ಏಪ್ರಿಲ್ 25ರಂದು, ಸುಡು ಬೇಸಿಗೆಯಲ್ಲಿ, ಆಗ ನಮ್ಮದೇ ಜಿಲ್ಲೆಯಾಗಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಅಲ್ಲಿ ಗಾಳಿ ಓದುವ ಅಗತ್ಯವಿರಲಿಲ್ಲ, ಅಷ್ಟು ಹತ್ತಿರದ ಗುಂಪು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂದು ಜನ ಎಣಿಸುತ್ತಾರೆ, ಸರ್ಕಾರ ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ. 1946ರ ನವೆಂಬರ್ 4ರಂದು ಕೆಜಿಎಫ್‌ನಲ್ಲೇ ಪೊಲೀಸ್ ಗುಂಡಿಗೆ ಆರು ಕಾರ್ಮಿಕರು ಬಿದ್ದರು. ಮರುವರ್ಷ ಬ್ರಿಟಿಷರ ಜೊತೆಗೆ ಆಕ್ಸಿಲಿಯರಿ ಫೋರ್ಸೂ ಮುಗಿಯಿತು.

1948ರಲ್ಲಿ ಎನ್‌ಸಿಸಿ ಬಂತು. ಕೂಲಿಯವನ ಮಗ, ಶಾನುಭೋಗರ ಮಗ ಒಂದೇ ಸಾಲಿನಲ್ಲಿ ಹೊಟ್ಟೆಯ ಮೇಲೆ ಮಲಗಿ .22 ರೈಫಲ್ ಹಿಡಿಯುವ ದಿನ ಬಂದದ್ದು ಹೀಗೆ. ಇಪ್ಪತ್ತೈದು ಗಜ, ಐದು ಗುಂಡು. ಐದೂ ಎಷ್ಟು ಹತ್ತಿರ ಹತ್ತಿರ ಬಿದ್ದವು ಎಂಬುದೇ ಲೆಕ್ಕ. ಅಷ್ಟು ದೂರಕ್ಕೆ ಬಿಸಿಲ್ಗುದುರೆ ಕಾಡುವುದಿಲ್ಲ, ಕಾಡುವುದು ಹುಬ್ಬಿನಿಂದ ಕಣ್ಣಿಗಿಳಿಯುವ ಬೆವರು. ಮಾಲೂರು, ಶ್ರೀನಿವಾಸಪುರದ ಕಡೆ ಬೆಳೆ ಕಾಯುವ ಲೈಸೆನ್ಸ್ ಬಂದೂಕಿನ ಕಥೆ ಬೇರೆ. ಪ್ರತಿ ಚುನಾವಣೆಗೂ ಅವನ್ನು ಠಾಣೆಗೆ ಒಪ್ಪಿಸಿ ಎಂಬ ಪ್ರಕಟಣೆಯನ್ನು ಪತ್ರಿಕೆಗೆ ಕಳಿಸಿ ಕಳಿಸಿ ನನಗೆ ಬಾಯಿಪಾಠವಾಗಿದೆ.

1974ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. 2007ರವರೆಗೆ ಆ ಊರೂ ಕೋಲಾರ ಜಿಲ್ಲೆಯದೇ. ಆಕೆ ಸುಮಾ ಶಿರೂರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ 400ಕ್ಕೆ 400 ಅಂಕ ಹೊಡೆದು ವಿಶ್ವ ದಾಖಲೆ ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿದರು. ಗುರಿ ಕಲಿತದ್ದು ಮಾತ್ರ ಮುಂಬೈಯಲ್ಲಿ.

ಏರ್ ರೈಫಲ್ ಸ್ಪರ್ಧೆ ಚಾವಣಿಯ ಕೆಳಗೆ ನಡೆಯುತ್ತದೆ. ಬಿಸಿಲಿಲ್ಲ, ಗಾಳಿಯಿಲ್ಲ. ಆದರೂ ದಪ್ಪ ಕ್ಯಾನ್ವಾಸ್ ಕೋಟು ತೊಟ್ಟು ಗಂಟೆಗಟ್ಟಲೆ ನಿಲ್ಲುವವರಿಗೆ ಒಳಗೇ ಸೆಕೆ. ಆ ಕೋಟು, ಆ ರೈಫಲ್ಲು, ಆ ಹಾಲು, ಎಲ್ಲಕ್ಕೂ ಲಕ್ಷದ ಲೆಕ್ಕ. ಎನ್‌ಸಿಸಿ ಕ್ಯಾಂಪಿನಲ್ಲಿ ಐದು ಗುಂಡನ್ನೂ ಒಂದೇ ರೂಪಾಯಿ ಬಿಲ್ಲೆಯಡಿ ಮುಚ್ಚುವಂತೆ ಹೊಡೆದ ಹುಡುಗಿ ಮುಳಬಾಗಿಲಿನಲ್ಲಿದ್ದರೆ, ಮಾರನೇ ದಿನ ಅಭ್ಯಾಸ ಮುಂದುವರಿಸಲು ಆಕೆ ಬೆಂಗಳೂರಿನ ಬಸ್ ಹತ್ತಬೇಕು.