ಉಣಕಲ್ ಸಿಗ್ನಲ್ಲು, ನೀಲಿ ಬೆರೆತ ಹಸಿರು

ಹುಬ್ಬಳ್ಳಿ ರೈಲಿನ ಊರು. ವರ್ಕ್‌ಶಾಪು ಶುರುವಾದದ್ದು 1885ರಲ್ಲಿ. ಇಲ್ಲಿಂದ ಧಾರವಾಡದ ಕಡೆ ಹೊರಟರೆ ಮೊದಲು ಸಿಗುವುದು ನಮ್ಮ ಉಣಕಲ್. ಈಗ ಬಣ್ಣದ ದೀಪಗಳ ಸಿಗ್ನಲ್ಲೇ ಎಲ್ಲೆಡೆ. ಹಿಂದಿನ ತೋಳಿನ ಕಂಬಗಳು ನೆನಪಿವೆಯಾ? ಹಗಲು ತೋಳು ಅಡ್ಡ ಇದ್ದರೆ ನಿಲ್ಲು, ಬಾಗಿದ್ದರೆ ಹೋಗು. ಬಣ್ಣ ತಿಳಿಯದವನಿಗೂ ತಿಳಿಯುತ್ತಿತ್ತು. ರಾತ್ರಿ ಮಾತ್ರ ಡ್ರೈವರ್‌ಗೆ ಬಣ್ಣವೊಂದೇ ಗತಿ!

ಬ್ರಿಟನ್ನಿನಲ್ಲಿ ಮೊದಮೊದಲು ‘ಹೋಗು’ ಎನ್ನಲು ಬಿಳಿ ದೀಪವಿತ್ತು, ಹಸಿರೆಂದರೆ ಎಚ್ಚರಿಕೆ. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬಿಳಿಯಾಗಿ ಕಾಣುತ್ತದಲ್ಲ... ಕೊನೆಗೆ ಬಿಳಿಯನ್ನು ಬಿಟ್ಟು ಹಸಿರಿಗೆ ಬಂದರು. ಆದರೆ ಕೆಂಪು-ಹಸಿರು ಎಂದರೆ ವರ್ಣಾಂಧತೆ ಇದ್ದವರು ಅತಿ ಹೆಚ್ಚು ಎಡವುವ ಜೋಡಿ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ತೊಂದರೆ.

1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲು ಡಿಕ್ಕಿಯಾಗಿ 9 ಜನ ಸತ್ತರು. ಡ್ರೈವರ್‌ಗೆ ಬಣ್ಣ ಗೊತ್ತಾಗಿರಲಿಕ್ಕಿಲ್ಲ ಎಂದು ಹೋಲ್ಮ್‌ಗ್ರೆನ್ ಎಂಬ ಪ್ರಾಧ್ಯಾಪಕ ವಾದಿಸಿದ. ಡ್ರೈವರ್ ಸತ್ತುಹೋಗಿದ್ದ, ಪರೀಕ್ಷಿಸುವುದು ಹೇಗೆ? ಈಚಿನ ಸಂಶೋಧಕರು ಈ ವಾದವನ್ನೇ ಅನುಮಾನಿಸಿದ್ದಾರೆ, ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಆದರೂ ಹೋಲ್ಮ್‌ಗ್ರೆನ್ ಬಣ್ಣಬಣ್ಣದ ಉಣ್ಣೆ ಎಳೆ ಆರಿಸಲು ಹೇಳಿ 266 ರೈಲ್ವೆ ನೌಕರರನ್ನು ಪರೀಕ್ಷಿಸಿದಾಗ 13 ಮಂದಿ ಸಿಕ್ಕರು. ಅಲ್ಲಿಂದ ಪರೀಕ್ಷೆ ಜಗತ್ತಿಗೆಲ್ಲ ಹಬ್ಬಿತು. 1917ರಲ್ಲಿ ಜಪಾನಿನ ಇಶಿಹಾರಾ ಚುಕ್ಕಿಗಳ ಪುಸ್ತಕ ತಂದ. ನಮ್ಮ ರೈಲ್ವೆಯಲ್ಲೂ ಆ ಪುಸ್ತಕ, ಜೊತೆಗೆ ಲಾಟೀನು ಪರೀಕ್ಷೆ. ಇದರಲ್ಲಿ ಫೇಲಾದ ಹುಡುಗನಿಗೆ ಎಂಜಿನ್ ಓಡಿಸುವ ಕನಸು ಅಲ್ಲಿಗೇ ಮುಗಿಯಿತು.

ಅಂದರೆ ಮನುಷ್ಯನನ್ನು ಜರಡಿ ಹಿಡಿಯುವ ದಾರಿ. ಬಣ್ಣವನ್ನೇ ತಿದ್ದುವ ದಾರಿ ಇನ್ನೊಂದು, ನನಗೆ ಇಷ್ಟವಾದದ್ದು ಇದೇ. ಸೀಮೆಎಣ್ಣೆ ದೀಪದ ಬೆಳಕು ಹಳದಿ. ಹೀಗಾಗಿ ತೋಳಿನ ಕಂಬಕ್ಕೆ ನೀಲಿ ಛಾಯೆಯ ಗಾಜು ಹಾಕುತ್ತಿದ್ದರು, ದೂರದಿಂದ ಹಸಿರು ಕಾಣಲಿ ಅಂತ. ಇಂದಿನ ಟ್ರಾಫಿಕ್ ದೀಪದ ಹಸಿರಿನಲ್ಲೂ ನೀಲಿ ಬೆರೆತಿದೆ. ಕೆಂಪು-ಹಸಿರು ಗೊಂದಲದವರಿಗೂ ನೀಲಿ ಬೇರೆಯಾಗಿ ಕಾಣುತ್ತದೆ ನೋಡಿ. ಮೇಲೆ ಕೆಂಪು, ಕೆಳಗೆ ಹಸಿರು ಎಂಬ ಜಾಗದ ಗುರುತೂ ಇದೆ :) 2020ರಲ್ಲಿ ಕೇಂದ್ರ ಸರ್ಕಾರ ಸೌಮ್ಯ ಮತ್ತು ಮಧ್ಯಮ ವರ್ಣಾಂಧತೆಯವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಬಹುದು ಎಂದು ನಿಯಮ ತಿದ್ದಿತು. ತಡವಾಯಿತು ಬಿಡಿ.

ಅಂದ ಹಾಗೆ, ಎಲ್ಲರಿಗೂ ಗುರುತು ಸಿಗುವ ಬಣ್ಣಗಳ ಸೆಟ್ಟೊಂದನ್ನು ಓಕಾಬೆ, ಇಟೊ ಎಂಬ ಜಪಾನಿನ ವಿಜ್ಞಾನಿಗಳು ಮಾಡಿದ್ದಾರೆ. ನಕ್ಷೆ, ಗ್ರಾಫ್ ಬಿಡಿಸುವವರು ಬಳಸಬಹುದು. ಅದರಲ್ಲಿ ಕೆಂಪು ಸ್ವಲ್ಪ ಕಿತ್ತಳೆಯ ಕಡೆ ವಾಲಿದೆ. ಹಸಿರಿಗೆ ನೀಲಿ ಬೆರೆಸಿದ್ದಾರೆ, ಥೇಟ್ ಹಳೆಯ ಸಿಗ್ನಲ್ ದೀಪದ ಗಾಜಿನ ಹಾಗೆ.